ಮಳೆ ಇಲ್ಲದ ಊರಿಗೇ ಒಳ್ಳೆಯ ವೈಪರ್ ಬೇಕು

ನಮಸ್ಕಾರ ವೀಕ್ಷಕರೇ. ಹಿಂದಿನ ಸಂಚಿಕೆಯ ಕೆಳಗೆ ಚಿತ್ರದುರ್ಗದ ವೀಕ್ಷಕರೊಬ್ಬರು ಬರೆದ ಕಾಮೆಂಟನ್ನು ಮೊದಲು ಓದಿಬಿಡುತ್ತೇನೆ: “ನಮ್ಮ ಕಡೆ ಮಳೇನೇ ಇಲ್ಲ ಸಾರ್, ವೈಪರ್‌ಗೆ ಯಾಕೆ ದುಡ್ಡು ದಂಡ? ರೋಡ್ ಸೈಡಲ್ಲಿ ಸಿಗೋ ನೂರು ರೂಪಾಯಿದು ಸಾಕು ಬಿಡಿ.” ಈ ಮಾತನ್ನು ಬಹಳ ಮಂದಿ ಮೆಚ್ಚಿದ್ದಾರೆ, “ಸರಿಯಾಗಿ ಹೇಳಿದ್ರಿ ಅಣ್ಣ” ಎಂದು ಕೆಲವರು ದನಿಗೂಡಿಸಿದ್ದಾರೆ. ಚಳ್ಳಕೆರೆ, ಹಿರಿಯೂರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ ಎಂಬುದನ್ನು ನಾನು ಬಲ್ಲೆ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಪೂರ್ತಿ ತಲೆಕೆಳಗಾಗಿದೆ. ಮಳೆ ಕಡಿಮೆ ಇರುವ ಊರಿನಲ್ಲೇ ವೈಪರಿನ ರಬ್ಬರು ಬೇಗ ಹಾಳಾಗುತ್ತದೆ, ಆದ್ದರಿಂದ ಒಳ್ಳೆಯ ರಬ್ಬರು ಹೆಚ್ಚಾಗಿ ಬೇಕಾಗಿರುವುದು ನಮಗೇ.

ಒಂದು ಬ್ಲೇಡನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಮೇಲುಗಡೆ ಚೌಕಟ್ಟಿಗೆ ಸಿಕ್ಕಿಸಿರುವ ದಪ್ಪ ಭಾಗ, ಅದರ ಕೆಳಗೆ ಬಾಗಿ ಬಳುಕುವ ಸಣ್ಣ ಕತ್ತು, ಕೊನೆಯಲ್ಲಿ ಗಾಜನ್ನು ಮುಟ್ಟುವ ತೆಳ್ಳನೆಯ ಅಂಚು ಕಾಣುತ್ತವೆ. ವೈಪರು ಎಡಕ್ಕೆ ಹೋಗುವಾಗ ಅಂಚು ಬಲಕ್ಕೆ ವಾಲುತ್ತದೆ, ಹಿಂದಿರುಗುವಾಗ ಕತ್ತು ಮಗುಚಿಕೊಂಡು ಅಂಚು ಎಡಕ್ಕೆ ವಾಲುತ್ತದೆ, ಮತ್ತು ನೀರನ್ನು ಕೆರೆದು ತಳ್ಳುವ ಕೆಲಸವನ್ನೆಲ್ಲ ಆ ಅಂಚಿನ ಚೂಪಾದ ಮೂಲೆಯೊಂದೇ ಮಾಡುತ್ತದೆ. ಕಾರ್ಖಾನೆಗಳಲ್ಲಿ ಎರಡು ರಬ್ಬರು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಯಾಗಿ ತಯಾರಿಸಿ, ಆಮೇಲೆ ನಡುವೆ ಸೀಳುವುದು ಈ ಮೂಲೆ ಹರಿತವಾಗಿರಲಿ ಎಂದೇ. ಬಿಸಿಲು, ಕಾವು ಮತ್ತು ಗಾಳಿಯಲ್ಲಿರುವ ಓಜೋನು ಸೇರಿ ನೈಸರ್ಗಿಕ ರಬ್ಬರನ್ನು ಗಟ್ಟಿಮಾಡುತ್ತವೆ, ಬಿರುಕು ಬಿಡಿಸುತ್ತವೆ. ಕತ್ತು ಗಟ್ಟಿಯಾದ ಬ್ಲೇಡು ಹೋಗುವಾಗ ಸರಾಗವಾಗಿ ಹೋಗಿ, ಬರುವಾಗ ಗಾಜಿನ ಮೇಲೆ ಕಟಕಟ ಎಂದು ಕುಪ್ಪಳಿಸುತ್ತದೆ. ಅಂಚು ಸೀಳಿದ್ದರೆ ನೀರಿನ ಗೆರೆ ಉಳಿಯುತ್ತದೆ, ಸವೆದಿದ್ದರೆ ಮಂಜಿನಂಥ ಪೊರೆ ಉಳಿಯುತ್ತದೆ. ಈ ಹಾನಿಗೆ ಒಂದು ಹನಿ ಮಳೆಯೂ ಬೇಕಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಮಧ್ಯಾಹ್ನವೆಲ್ಲ ಬಿಸಿಲಿಗೆ ಮುಖಮಾಡಿ ನಿಂತ ಕಾರಿನ ರಬ್ಬರು, ಸುಡುವ ಗಾಜಿಗೆ ಒತ್ತಿಕೊಂಡು ಒಂದೇ ಕಡೆಗೆ ಬಾಗಿ, ಹಾಗೆಯೇ ಸೆಟೆದುಕೊಳ್ಳುತ್ತದೆ. ಬಳಸದೆ ಇಟ್ಟರೆ ಉಳಿಯುತ್ತದೆ ಎಂದು ನಂಬಿದವರು ದಯವಿಟ್ಟು ಹೊರಗೆ ಹೋಗಿ ತಮ್ಮ ವೈಪರಿನ ಅಂಚಿನ ಮೇಲೆ ಒಮ್ಮೆ ಉಗುರಾಡಿಸಿ ನೋಡಬೇಕು.

ಬಿಸಿಲಿನ ಜೊತೆಗೆ ಧೂಳಿದೆ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರಿನ ಲಾರಿಗಳ ಹಿಂದೆ ಓಡಿಸಿದವರಿಗೆ ಗಾಜಿನ ಮೇಲೆ ಕೂರುವ ಕೆಂಧೂಳನ್ನು ನಾನು ವರ್ಣಿಸಬೇಕಾಗಿಲ್ಲ. ಮಲೆಬೆನ್ನೂರಿನ ಕಡೆ ಭತ್ತದ ಗದ್ದೆಗಳ ನಡುವೆ ರಾತ್ರಿ ಹೊರಟರೆ ಗಾಜಿಗೆ ಹುಳು ಬಡಿದು ಜಿಡ್ಡು ಮೆತ್ತಿಕೊಳ್ಳುತ್ತದೆ. ಆಗ ನಮ್ಮ ಜನ ಮಾಡುವುದೇನು? ನೀರು ಚಿಮುಕಿಸದೆ ವೈಪರ್ ಹಾಕುತ್ತಾರೆ. ಅಂಚಿನಡಿ ಸಿಕ್ಕಿಕೊಂಡ ಧೂಳಿನ ಕಣ ಗಾಜನ್ನು ಗೀರುತ್ತದೆ, ರಬ್ಬರು ಸವೆದು ಲೋಹ ಹೊರಬಿದ್ದಿದ್ದರೆ ಕಮಾನಿನಂಥ ಗೀರು ಶಾಶ್ವತವಾಗಿ ಉಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಎದುರು ಬೆಳಕು ಆ ಗೀರುಗಳ ಮೇಲೆ ಬಿದ್ದು ಚೆದುರಿದಾಗ ರಸ್ತೆಯೇ ಕಾಣುವುದಿಲ್ಲ. ನೂರು ರೂಪಾಯಿಯ ಬ್ಲೇಡು ಸಾವಿರಗಟ್ಟಲೆ ಬೆಲೆಯ ಗಾಜನ್ನು ತಿನ್ನುವುದು ಹೀಗೆ. ಇದನ್ನು ಉಳಿತಾಯ ಎಂದು ಕರೆಯುವವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಈಗ ಆಯ್ಕೆಯ ಮಾತು. ದಿನನಿತ್ಯದ ಕಾರಿಗೆ ಕೊಳ್ಳುವಾಗ ಮೊದಲು ಅಳತೆ ನೋಡಿ. ಚಾಲಕನ ಕಡೆಯದು ಉದ್ದ, ಪಕ್ಕದ್ದು ಗಿಡ್ಡ ಇರುವ ಕಾರುಗಳೇ ಹೆಚ್ಚು. ಪೆಟ್ಟಿಗೆಯ ಮೇಲೆ 24 ಇಂಚು ಎಂದರೆ ಸುಮಾರು 600 ಮಿಲಿಮೀಟರು, 16 ಇಂಚು ಎಂದರೆ ಸುಮಾರು 400. ಹೆಚ್ಚು ಗಾಜು ಒರೆಸಲಿ ಎಂದು ಉದ್ದದ್ದನ್ನು ಹಾಕಬೇಡಿ, ಅದು ಪಕ್ಕದ ಬ್ಲೇಡಿಗೋ ಗಾಜಿನ ಬೀಡಿಂಗಿಗೋ ತಗಲುತ್ತದೆ, ಮೋಟರಿನ ಮೇಲೆ ಹೊರೆ ಹಾಕುತ್ತದೆ. ಆಮೇಲೆ ಬ್ಲೇಡನ್ನು ಹಿಡಿದಿರುವ ಲೋಹದ ತೋಳಿನ, ಅಂದರೆ ಆರ್ಮಿನ, ತುದಿ ನೋಡಿ: ಕೊಕ್ಕೆಯೋ, ಪಿನ್ನೋ, ಒತ್ತುವ ಗುಂಡಿಯದೋ ಎಂದು ತಿಳಿಯದೆ ಅಂಗಡಿಗೆ ಹೋದರೆ ಕೊಟ್ಟದ್ದನ್ನು ತರಬೇಕಾಗುತ್ತದೆ. ಅಳತೆ ತೆಗೆಯುವ ಕ್ರಮವನ್ನು ಬೇರೊಂದು ಸಂಚಿಕೆಯಲ್ಲಿ ತೋರಿಸಿದ್ದೇನೆ. ಚಾನೆಲ್ಲಿಗೆ ಇನ್ನೂ ಚಂದಾದಾರರಾಗದವರು ಆಗಿ, ಈ ಕೆಲಸ ಮುಂದುವರಿಯುವುದು ನಿಮ್ಮಿಂದಲೇ.

ಚೌಕಟ್ಟಿನ ಬ್ಲೇಡಿನಲ್ಲಿ ಕೀಲುಗಳಿರುತ್ತವೆ. ನಮ್ಮ ಧೂಳಿಗೆ ಆ ಕೀಲುಗಳು ಬಿಗಿದುಕೊಂಡರೆ ರಬ್ಬರಿನ ಒಂದು ಭಾಗ ಗಾಜಿಗೆ ತಾಗುವುದೇ ಇಲ್ಲ. ಕೀಲಿಲ್ಲದ ಚಪ್ಪಟೆ ಬ್ಲೇಡಿನಲ್ಲಿ ಒಳಗಿನ ಉಕ್ಕಿನ ಪಟ್ಟಿಯೇ ಉದ್ದಕ್ಕೂ ಒತ್ತಡ ಹಂಚುತ್ತದೆ; ಬಾಗಿದ ಗಾಜಿನ ಈಗಿನ ಕಾರುಗಳಿಗೆ, ನಮ್ಮ ಧೂಳಿನ ಊರಿಗೆ, ನನ್ನ ಮತ ಅದಕ್ಕೇ. ಸಿಲಿಕೋನಿನದು ಬಿಸಿಲನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು, ಕೈಗೆಟುಕಿದರೆ ಕೊಳ್ಳಿ. ಯಾವುದನ್ನೇ ಕೊಂಡರೂ ಪೊಟ್ಟಣದ ಮೇಲಿರುವ ತಯಾರಿಕೆಯ ತಿಂಗಳು, ವರ್ಷವನ್ನು ಓದಿ. ಅಂಗಡಿಯ ಹೊರಗೆ ಬಿಸಿಲಿನಲ್ಲಿ ತೂಗುಹಾಕಿದ ಬ್ಲೇಡು ನಿಮ್ಮ ಕಾರಿಗೆ ಬರುವ ಮೊದಲೇ ಮುದಿಯಾಗಿರುತ್ತದೆ. ಬ್ಲೇಡು ಬಿಚ್ಚುವಾಗ ಗಾಜಿನ ಮೇಲೆ ಮಡಿಸಿದ ಬಟ್ಟೆ ಹಾಸಿಕೊಳ್ಳಿ, ಏಕೆಂದರೆ ಬರಿ ಆರ್ಮು ಸ್ಪ್ರಿಂಗಿನ ಎಳೆತಕ್ಕೆ ಬಂದು ಬಡಿದರೆ ಗಾಜು ಬಿರಿಯುತ್ತದೆ.

ಹಳೆಯ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇದರ ಉಲ್ಟಾ, ಮತ್ತು ಇಲ್ಲಿ ನನಗೆ ಇನ್ನೂ ಹೆಚ್ಚು ನೋವಾಗುತ್ತದೆ. ಹಳೆಯ ಜೀಪಿನ ಗಾಜು ಸಪಾಟು. ಬಾಗಿದ ಗಾಜಿಗೆಂದು ಮೊದಲೇ ಬಾಗಿಸಿ ಮಾಡಿದ ಚಪ್ಪಟೆ ಬ್ಲೇಡನ್ನು ಅಂದಕ್ಕೆಂದು ಅದಕ್ಕೆ ಹಾಕಿದರೆ, ಎರಡು ತುದಿಗಳು ಗಾಜನ್ನು ಒತ್ತಿ ಹಿಡಿಯುತ್ತವೆ, ನಡುಭಾಗ ಸರಿಯಾಗಿ ತಾಗುವುದಿಲ್ಲ. ಅಂದರೆ ಚಾಲಕನ ಕಣ್ಣಿನ ಮುಂದೆಯೇ ನೀರು ಉಳಿಯುತ್ತದೆ. ಅದಕ್ಕೆ ಸರಳವಾದ, ಗಿಡ್ಡನೆಯ, ಕಿರಿದಾದ ಚೌಕಟ್ಟಿನ ಬ್ಲೇಡೇ ಸರಿ. ಅಂಬಾಸಡರಿನ ಗಾಜಿಗೆ ಬಾಗು ಇದೆ, ಆದರೆ ಆರ್ಮಿನ ಸ್ಪ್ರಿಂಗು ಹಳೆಯದು, ಮೋಟರೂ ಹಳೆಯದು. ಅಗಲವಾದ ಭಾರದ ಬ್ಲೇಡನ್ನು ಅದು ಎಳೆಯಲಾರದು. ಹಳೆಯ ಆರ್ಮುಗಳಲ್ಲಿ ಈಗಿನ ಕೊಕ್ಕೆಗೆ ಬದಲು ಬ್ಲೇಡಿನೊಳಗೆ ನುಗ್ಗಿ ಕೂರುವ ಚಪ್ಪಟೆ ತುದಿ ಇರುವುದುಂಟು. ಪ್ಲಾಸ್ಟಿಕ್ ತುಂಡು ಸೇರಿಸಿ ಹೇಗೋ ಸಿಕ್ಕಿಸಿದ ಬ್ಲೇಡು ಜೋರು ಮಳೆಯಲ್ಲಿ ಕಿತ್ತು ಹಾರಿದರೆ ಬರಿ ಲೋಹ ಗಾಜನ್ನು ಕೆರೆಯುತ್ತದೆ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ, ಹಳೆಯ ಗಾಜು ಹೊಸದಾಗಿ ಸುಲಭಕ್ಕೆ ಸಿಗುವುದಿಲ್ಲ. ಬಣ್ಣಕ್ಕೆ, ಕ್ರೋಮಿಗೆ ಲಕ್ಷಗಟ್ಟಲೆ ಸುರಿದು, ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರತೆಗೆಯುವ ಗಾಡಿಗೆ ಕಲ್ಲಾದ ರಬ್ಬರನ್ನೇ ಬಿಟ್ಟಿರುವವರನ್ನು ಕಂಡಾಗ ಸಂಕಟವಾಗುತ್ತದೆ. ನಿಂತ ಗಾಡಿಯ ರಬ್ಬರೂ ಸಾಯುತ್ತದೆ, ಎಷ್ಟು ಸಲ ಹೇಳಬೇಕು?

“ನಮ್ಮ ಕಾಲದಲ್ಲಿ ಗಾಜಿಗೆ ತಂಬಾಕು ಉಜ್ಜಿಕೊಂಡು ಮಳೆಯಲ್ಲಿ ಲಾರಿ ಓಡಿಸಿದ್ದೇವೆ” ಎನ್ನುವ ಹಿರಿಯರಿದ್ದಾರೆ. ಓಡಿಸಿದ್ದೀರಿ ಯಜಮಾನರೇ, ಒಪ್ಪುತ್ತೇನೆ. ವೈಪರ್ ಕೈಕೊಟ್ಟ ರಾತ್ರಿ ಊರು ಸೇರಲು ಮಾಡಿದ ಉಪಾಯವನ್ನು ಮಕ್ಕಳಿಗೆ ಪಾಠವಾಗಿ ಹೇಳಬೇಡಿ. ಎಮರಿ ಕಾಗದದಿಂದ ಅಂಚನ್ನು ತಿಕ್ಕಿದರೆ ಹೊಸದಾಗುತ್ತದೆ ಎನ್ನುವವರೂ ಇದ್ದಾರೆ. ಕಾರ್ಖಾನೆಯಲ್ಲಿ ಸೀಳಿ ಮಾಡಿದ ಹರಿತವಾದ ಮೂಲೆಯನ್ನು ನಿಮ್ಮ ಕೈಯಿಂದಲೇ ಉರುಟು ಮಾಡಿ, ಅದನ್ನು ರಿಪೇರಿ ಎನ್ನುತ್ತೀರಾ? ಸೀಮೆಎಣ್ಣೆಯಲ್ಲಿ ಒರೆಸುವವರಿಗೆ ಉತ್ತರ ಹೇಳುವ ತಾಳ್ಮೆ ನನಗಿಲ್ಲ. ಒದ್ದೆ ಬಟ್ಟೆ ಸಾಕು. ರಬ್ಬರು ಪಟ್ಟಿಯನ್ನು ಮಾತ್ರ ಬದಲಿಸುತ್ತೇವೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಕೀಲುಗಳು ಬಿಗಿದುಕೊಳ್ಳದೆ ಸರಿಯಾಗಿದ್ದು, ಹಾಕುವ ಪಟ್ಟಿ ಒಳ್ಳೆಯದಾಗಿದ್ದರೆ ಧಾರಾಳವಾಗಿ ಬದಲಿಸಿ.

ಮತ್ತೆ ಆ ಕಾಮೆಂಟಿಗೇ ಬರುತ್ತೇನೆ. ಮಳೆ ಇಲ್ಲವಂತೆ! ಭರಣಿ ಮಳೆ ಒಂದೇ ಒಂದು ಸಂಜೆ ಗುಡುಗಿ ಸುರಿದರೂ ಆ ಅರ್ಧ ಗಂಟೆ ನೀವು ರಸ್ತೆಯ ಮೇಲೆಯೇ ಇರುತ್ತೀರಿ. ಹೊನ್ನಾಳಿ ದಾಟಿ ಶಿವಮೊಗ್ಗದ ಕಡೆ ಹೋಗುವುದಿಲ್ಲವೇ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೇ ನಿಯಮ ವೈಪರ್ ಸಮರ್ಥವಾಗಿ ಕೆಲಸ ಮಾಡಬೇಕು ಎನ್ನುತ್ತದೆ. ಚಳ್ಳಕೆರೆಗೆ ಅದು ವಿನಾಯಿತಿ ಕೊಟ್ಟಿಲ್ಲ. ಬಿಸಿಲು ರಬ್ಬರನ್ನು ಕೊಲ್ಲುತ್ತದೆ. ಬಿಸಿಲು ನಮ್ಮಲ್ಲಿ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆ, ಮೊದಲ ಗುಡುಗಿಗೆ ಮುಂಚೆ, ಬದಲಿಸಿ. ಬದಲಿಸಿ ಎಂದೆ, ಬದಲಿಸಿ! ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಹಳೆಯ ಆರ್ಮಿನ ಸ್ಪ್ರಿಂಗನ್ನು ಪರೀಕ್ಷಿಸುವುದನ್ನು ತೋರಿಸುತ್ತೇನೆ. ಪದ್ಮಿನಿ, ಅಂಬಾಸಡರ್, ಜೀಪು ಇರುವವರು ಗಾಡಿಯ ಹೆಸರು, ಬ್ಲೇಡಿನ ಉದ್ದ ಮತ್ತು ಆರ್ಮಿನ ತುದಿಯ ಫೋಟೊ, ಈ ಮೂರನ್ನೂ ಕಳುಹಿಸಿ.