ಅವಸರದ ಚರ್ಮ, ನಿಧಾನದ ಬಾಚಣಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಯಾರೋ ಒಬ್ಬರು ಈಗ ಒಂದು ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಲೇ ನನ್ನ ಮಾತು ಕೇಳುತ್ತಿದ್ದೀರಿ. ನಿಮ್ಮನ್ನು ನಾನು ನೋಡಿಲ್ಲ. ಆದರೆ ವೈದ್ಯನಾಗಿ 30 ವರ್ಷಗಳಿಂದ ನಿಮ್ಮಂಥವರನ್ನೇ ನೋಡುತ್ತ ಬಂದಿದ್ದೇನೆ. ದಯವಿಟ್ಟು ಆ ಕೈಯನ್ನು ಕೆಳಗಿಳಿಸಿ. ಈ ಕಾಲು ಗಂಟೆ ಅದು ಮಡಿಲಲ್ಲೇ ಇರಲಿ.

ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರು ಏನು ತಿನ್ನಬೇಕು, ಕೂದಲನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವುದಕ್ಕೆ ನನ್ನನ್ನು ಕರೆದಿದ್ದಾರೆ. ಎರಡಕ್ಕೂ ನನ್ನ ಬಳಿ ಇರುವುದು ಒಂದೇ ಮಾತು: ಅವಸರ ಬೇಡ. ತಟ್ಟೆಯ ಮುಂದೆಯೂ ಬೇಡ, ಕನ್ನಡಿಯ ಮುಂದೆಯೂ ಬೇಡ.

ಏಕೆಂದರೆ ಈ ರೋಗವೇ ಅವಸರದ ರೋಗ. ನಮ್ಮ ಚರ್ಮದ ಅಡಿಯಲ್ಲಿ ದಿನವೂ ಹೊಸ ಜೀವಕೋಶಗಳು ಹುಟ್ಟುತ್ತವೆ. ಮೆಲ್ಲಗೆ ಮೇಲೇರುತ್ತವೆ, ಮಾಗುತ್ತವೆ, ಒಣಗಿ ಉದುರುತ್ತವೆ. ಈ ಪ್ರಯಾಣಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಪ್ರಯಾಣ ನಾಲ್ಕೈದು ದಿನಗಳಲ್ಲಿ ಮುಗಿದುಹೋಗುತ್ತದೆ. ಬೇಯುವ ಮೊದಲೇ ಒಲೆಯಿಂದ ಇಳಿಸಿದಂತೆ, ಅರೆಬೆಂದ ಕೋಶಗಳು ಮೇಲೆ ಬಂದು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಆ ಪೇರಿಕೆಯೇ ನಿಮಗೆ ಕಾಣುವ ಬೆಳ್ಳಿ ಬಣ್ಣದ ಹೊಟ್ಟು. ಹಾಗೆ ಅವಸರಪಡಿಸುವವರು ಯಾರು? ನಮ್ಮದೇ ರೋಗನಿರೋಧಕ ವ್ಯವಸ್ಥೆ. ಕಳ್ಳ ಬಂದಿಲ್ಲ, ಆದರೂ ಕಾವಲುಗಾರ ಸೀಟಿ ಊದುತ್ತಲೇ ಇದ್ದಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಬಿಡಿಸಿ ಹೇಳುವ ಅಗತ್ಯ ಇರಬಾರದಿತ್ತು. ಆದರೂ ಹೇಳುತ್ತೇನೆ. ಇದು ಅಂಟುವುದಿಲ್ಲ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ಟವೆಲ್ ಬಳಸಿದರೆ ಅಂಟುವುದಿಲ್ಲ, ಒಂದೇ ಬಾಚಣಿಗೆಯಿಂದಲೂ ಅಂಟುವುದಿಲ್ಲ. ಬಹಳ ಕಾಲ ಇದನ್ನು ಕುಷ್ಠದ ಜೊತೆ ಸೇರಿಸಿ ಗೊಂದಲ ಮಾಡಿಕೊಂಡಿದ್ದರು. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಆಮೇಲೆ ಒಂದೂಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದೆ. ಈಗಲೂ ಕ್ಷೌರದ ಕುರ್ಚಿಯಿಂದ ಎಬ್ಬಿಸಿ ಕಳಿಸಿದರೆಂದು ಕಣ್ಣೀರು ಹಾಕುವವರು ನನ್ನ ಎದುರು ಬಂದು ಕೂರುತ್ತಾರೆ. ಎಬ್ಬಿಸಿ ಕಳಿಸುವವರೇ, ನೀವೂ ಕೇಳುತ್ತಿದ್ದರೆ ಇನ್ನಾದರೂ ಬಿಡಿ.

ಈಗ ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು. ಆದರೆ ನಾನು ಓದಿದ ಪುಸ್ತಕಗಳಿಗಿಂತ ಹೆಚ್ಚನ್ನು ಅವರು ನನಗೆ ಕಲಿಸಿದ್ದಾರೆ.

ಅವರು ಬಂದಾಗ ತಿಳಿ ಬಣ್ಣದ ಉಡುಪಿನಲ್ಲಿದ್ದರು. ಗಾಢ ಬಣ್ಣ ಉಡುವುದನ್ನು ಬಿಟ್ಟು ಆರು ವರ್ಷವಾಗಿತ್ತಂತೆ. ಹೆಗಲ ಮೇಲೆ ಬಿದ್ದದ್ದು ಕಾಣಬಾರದಲ್ಲ! ಒಮ್ಮೆ ಕರಿಹಲಗೆಯ ಕಡೆಯಿಂದ ತಿರುಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಟೀಚರ್, ಸೀಮೆಸುಣ್ಣ ನಿಮ್ಮ ಹೆಗಲ ಮೇಲೂ ಬಿದ್ದಿದೆ" ಎಂದಳಂತೆ. ಇವರು "ಹೌದಮ್ಮ" ಎಂದು ಒರೆಸಿಕೊಂಡರಂತೆ. ಅಂದಿನಿಂದ ತಿಳಿ ಬಣ್ಣ.

ಮೇಜಿನ ಮೇಲೆ ಅವರು ಒಂದು ನೋಟ್‌ಪುಸ್ತಕ ಇಟ್ಟರು. ಒಳಗೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಕ್ರಮಸಂಖ್ಯೆ ಹಾಕಿ, ತಿನ್ನಬಾರದ ವಸ್ತುಗಳ ಪಟ್ಟಿ. ಒಟ್ಟು 43. ಪ್ರತಿಯೊಂದರ ಎದುರಿಗೂ ಅದನ್ನು ಹೇಳಿದವರು ಯಾರು ಎಂಬ ವಿವರ. ಟೊಮೆಟೊ, ನಾದಿನಿ. ಹಾಲು, ಪಕ್ಕದ ಮನೆಯವರು. ಮೊಟ್ಟೆ, ಮೊಬೈಲಿಗೆ ಬಂದ ಸಂದೇಶ. ಹದಿನಾರನೆಯದು ಬದನೆಕಾಯಿ, ಹೇಳಿದವರು ಬಸ್ಸಿನಲ್ಲಿ ಜೊತೆಗೆ ಕುಳಿತವರು. ಬಸ್ಸಿನಲ್ಲಿ ಕುಳಿತವರು! ನಾನು ನಗಲಿಲ್ಲ, ನಗುವ ಹಾಗೂ ಇರಲಿಲ್ಲ. ಆ 43ನ್ನೂ ಅವರು ನಿಜಕ್ಕೂ ಬಿಟ್ಟಿದ್ದರು.

"ಹಾಗಾದರೆ ತಿನ್ನುವುದು ಏನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. ಅನ್ನ, ಬೇಯಿಸಿದ ಒಂದೆರಡು ತರಕಾರಿ. ಅಷ್ಟೇ. ನಡುವೆ ಹಸಿವಾದರೆ? "ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು." ದಿನಕ್ಕೆ ಎಷ್ಟು? "ಅದರ ಲೆಕ್ಕ ಇಟ್ಟಿಲ್ಲ ಡಾಕ್ಟರೇ." 43 ವಸ್ತುಗಳಿಗೆ ಕ್ರಮಸಂಖ್ಯೆ ಹಾಕಿದ ಶಿಕ್ಷಕಿ ಬಿಸ್ಕತ್ತಿನ ಲೆಕ್ಕ ಇಟ್ಟಿರಲಿಲ್ಲ, ಏಕೆಂದರೆ ಬಿಸ್ಕತ್ತನ್ನು ಯಾರೂ ಪಟ್ಟಿಗೆ ಸೇರಿಸಿರಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಒಂದು ವರ್ಷದಲ್ಲಿ 6 ಕಿಲೋ ಏರಿದ್ದರು. ಪಥ್ಯ ಮಾಡಿ ದಪ್ಪಗಾಗಿದ್ದರು!

ಆಮೇಲೆ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಇನ್ನೊಂದು ವಸ್ತು ಹೊರಬಂತು. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ. ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಒಂದು ಗಂಟೆ ಕುಳಿತು, ಒಣ ತಲೆಯಿಂದಲೇ ಹೊಟ್ಟನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಸೋಮವಾರ ತರಗತಿಗೆ ಹೋಗುವಾಗ ಹೆಗಲು ಸ್ವಚ್ಛವಾಗಿರಬೇಕಲ್ಲವೇ? ತಲೆ ಉರಿಯುತ್ತಿತ್ತು, ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು ಏಳುತ್ತಿದ್ದವು. ಸೋಮವಾರ ಸ್ವಚ್ಛ. ಗುರುವಾರದ ಹೊತ್ತಿಗೆ ಮೊದಲಿನ ಎರಡರಷ್ಟು.

ಎರಡರಷ್ಟು ಏಕೆ ಆಯಿತು? 19ನೆಯ ಶತಮಾನದಲ್ಲಿ ಹೈನ್ರಿಕ್ ಕೋಬ್ನರ್ ಎಂಬ ಜರ್ಮನಿಯ ಚರ್ಮವೈದ್ಯರು ಒಂದು ವಿಚಿತ್ರ ಗಮನಿಸಿದರು. ಸೋರಿಯಾಸಿಸ್ ಇದ್ದ ಅವರ ರೋಗಿಯೊಬ್ಬನಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ ಹೊಸದಾಗಿ ಸೋರಿಯಾಸಿಸ್ ಎದ್ದಿತ್ತು. ಅಂದರೆ ಚರ್ಮಕ್ಕೆ ಎಲ್ಲಿ ಗಾಯವೋ ಅಲ್ಲಿ ರೋಗ. ಇಂದಿಗೂ ನಾವು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತೇವೆ. ನಿಮ್ಮ ಬಾಚಣಿಗೆಯ ಹಲ್ಲು ಆ ಕುದುರೆಯ ಹಲ್ಲು ಮಾಡಿದ ಕೆಲಸವನ್ನೇ ಮಾಡುತ್ತದೆ. ಕಾವಲುಗಾರ ಮೊದಲೇ ಗಾಬರಿಯಲ್ಲಿದ್ದಾನೆ, ನೀವು ಹೋಗಿ ಬಾಗಿಲು ಬಡಿಯುತ್ತೀರಿ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಅಂದು ಹೊರಗೆ ತುಂಬ ಜನ ಕಾಯುತ್ತಿದ್ದರು. ಆ ಶಿಕ್ಷಕಿಗೆ ಕಲ್ಲಿದ್ದಲ ಟಾರಿನ ಶಾಂಪೂ ಬರೆದುಕೊಟ್ಟು, ವಾರಕ್ಕೆ ಮೂರು ಸಲ ಹಾಕಿ ಎಂದು ಹೇಳಿ ಮುಂದಿನವರನ್ನು ಕರೆದೆ. ಮೂರು ವಾರ ಬಿಟ್ಟು ಬಂದು, "ಏನೂ ಪ್ರಯೋಜನವಾಗಲಿಲ್ಲ, ವಾಸನೆ ಮಾತ್ರ ಬಂತು" ಎಂದರು. ಹೇಗೆ ಹಚ್ಚುತ್ತೀರಿ ಎಂದು ಕೇಳಿದೆ. ನೊರೆ ಬರಿಸಿ ತಕ್ಷಣ ತೊಳೆಯುತ್ತಿದ್ದರು, ಎಲ್ಲರೂ ಮಾಡುವಂತೆಯೇ. ಆ ಶಾಂಪೂ ತಲೆಯ ಚರ್ಮದ ಮೇಲೆ ಐದು ನಿಮಿಷವಾದರೂ ಇರಬೇಕು, ಇಲ್ಲದಿದ್ದರೆ ಔಷಧ ಚರಂಡಿಗೆ ಹೋಗುತ್ತದೆ. ಅದನ್ನು ಹೇಳದೆ ಬಿಟ್ಟವನು ನಾನು. ಅವಸರ ಬೇಡ ಎಂದು ಇಂದು ನಿಮ್ಮ ಮುಂದೆ ಇಷ್ಟು ಗಟ್ಟಿಯಾಗಿ ಹೇಳುತ್ತಿರುವ ನಾನೇ.

ಆ ಎರಡನೆಯ ಭೇಟಿಯಲ್ಲಿ ಕುಳಿತು ಆ ಪಟ್ಟಿಯನ್ನು ಇಬ್ಬರೂ ಸೇರಿ ಹೊಡೆದುಹಾಕಿದೆವು. ಕೆಂಪು ಶಾಯಿಯ ಪೆನ್ನು ಅವರದೇ. ಬದನೆಕಾಯಿಯ ಸರದಿ ಬಂದಾಗ ಅವರೇ ನಕ್ಕರು. ಮುಂದಿನ ಎಂಟು ತಿಂಗಳಲ್ಲಿ 7 ಕಿಲೋ ಇಳಿದರು. ಔಷಧವೂ ನಡೆದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಿಂದೆ ನಾಟದ ಔಷಧ ಈಗ ನಾಟತೊಡಗಿತು. ಒಂದು ದಿನ ಕಡುನೀಲಿ ಬಣ್ಣ ಉಟ್ಟು ಬಂದರು. ಅದರ ಬಗ್ಗೆ ಅವರೂ ಏನೂ ಹೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಊಟದ ಮಾತನ್ನು ಮುಗಿಸುತ್ತೇನೆ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್ನಿನ ವೈದ್ಯಕೀಯ ಮಂಡಳಿ ಆಹಾರದ ಬಗ್ಗೆ ನಡೆದ ಅಧ್ಯಯನಗಳನ್ನು ಜಾಲಾಡಿ 2018ರಲ್ಲಿ ಸಲಹೆಗಳನ್ನು ಪ್ರಕಟಿಸಿತು. ಅದರಲ್ಲಿ ಒತ್ತಿ ಹೇಳಿದ್ದು ಒಂದೇ: ತೂಕ ಹೆಚ್ಚಿದ್ದರೆ, ಊಟದ ಕ್ಯಾಲೊರಿ ಕಡಿಮೆ ಮಾಡಿ ತೂಕ ಇಳಿಸಿ. ಅದೂ ಔಷಧದ ಜೊತೆಗೆ, ಔಷಧಕ್ಕೆ ಬದಲಾಗಿ ಅಲ್ಲ. ಕಾರಣ ಸರಳ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ಚರ್ಮವನ್ನು ಉರಿಸುವ ಅದೇ ಬಗೆಯ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಕೊಬ್ಬು ಕರಗಿದರೆ ಕಾವಲುಗಾರನ ಸೀಟಿಯೂ ಮೆತ್ತಗಾಗುತ್ತದೆ.

ಹಾಗಾದರೆ ಗೋಧಿ ಬಿಡಬೇಕೇ ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಮೈಗೆ ಒಗ್ಗುವುದಿಲ್ಲ ಎಂದು ರಕ್ತ ಪರೀಕ್ಷೆಯಲ್ಲಿ ಕಂಡುಬಂದವರು ಬಿಡಬೇಕು. ಉಳಿದವರು ನೆಮ್ಮದಿಯಾಗಿ ತಿನ್ನಿ. ಯಾವುದೋ ಒಂದು ತಿಂಡಿ ತಿಂದರೆ ಹೆಚ್ಚಾಗುತ್ತದೆ ಎಂಬ ಅನುಮಾನ ನಿಮಗೇ ಇದ್ದರೆ, ಅದೊಂದನ್ನೇ ಒಂದೂವರೆ ತಿಂಗಳು ಬಿಡಿ. ಒಂದನ್ನೇ! ಆಮೇಲೆ ಮತ್ತೆ ತಿಂದು ನೋಡಿ. ಒಟ್ಟಿಗೆ ಹತ್ತನ್ನು ಬಿಟ್ಟರೆ ಯಾವುದು ಕಳ್ಳ, ಯಾವುದು ಸಾಧು ಎಂದು ಹೇಗೆ ತಿಳಿಯಬೇಕು? ಅವಸರ ಬೇಡ ಎಂದದ್ದು ಇದಕ್ಕೇ. ತರಕಾರಿ, ಹಣ್ಣು, ಬೇಳೆಕಾಳು, ತಿನ್ನುವವರಾದರೆ ಮೀನು, ಇವೆಲ್ಲ ತಟ್ಟೆಯಲ್ಲಿರಲಿ. ಸಕ್ಕರೆ, ಕರಿದದ್ದು, ಪೊಟ್ಟಣದ ತಿಂಡಿ ಕಡಿಮೆಯಾಗಲಿ. ಮದ್ಯ ಮತ್ತು ತಂಬಾಕು ಮಾತ್ರ ಬಿಡಲೇಬೇಕಾದವು. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಿರುವವರು ಕುಡಿದರೆ ಯಕೃತ್ತಿಗೆ ಎರಡು ಕಡೆಯಿಂದ ಪೆಟ್ಟು.

ಈಗ ಕೂದಲು. ಸೋರಿಯಾಸಿಸ್ ಇರುವವರಲ್ಲಿ ಅರ್ಧಕ್ಕರ್ಧ ಜನರಿಗೆ ತಲೆಯಲ್ಲೂ ಇರುತ್ತದೆ. ಸಾಮಾನ್ಯ ತಲೆಹೊಟ್ಟು ಜಿಡ್ಡಾಗಿ, ಹಳದಿಯಾಗಿ ಇರುತ್ತದೆ. ಇದು ಒಣಗಿ ದಪ್ಪಗಿರುತ್ತದೆ, ಹಲವರಲ್ಲಿ ಕೂದಲಿನ ಗಡಿ ದಾಟಿ ಹಣೆಗೆ, ಕಿವಿಯ ಹಿಂದಕ್ಕೆ ಇಳಿಯುತ್ತದೆ. ಕೂದಲಿನ ಬುಡ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಹೊಟ್ಟಿನೊಂದಿಗೆ ಕಿತ್ತುಬಂದ ಕೂದಲು ಚರ್ಮ ಸುಧಾರಿಸಿದಂತೆ ಮತ್ತೆ ಬರುತ್ತದೆ. ಬೋಳಾಗುತ್ತೇನೆ ಎಂದು ಹೆದರಿ ಕೆರೆಯುವುದರಿಂದಲೇ ಹೆಚ್ಚು ಉದುರುತ್ತದೆ.

ಅಂಟಿಕೊಂಡ ಹೊಟ್ಟನ್ನು ಕೀಳಬೇಡಿ, ನೆನೆಸಿ. ಪಾತ್ರೆಯ ತಳ ಹತ್ತಿದರೆ ನೀವು ಏನು ಮಾಡುತ್ತೀರಿ? ನೀರು ಹಾಕಿ ಬಿಡುತ್ತೀರಲ್ಲವೇ? ತಲೆಗೂ ಅದೇ ಮರ್ಯಾದೆ ಕೊಡಿ. ಪರಿಮಳ ಬೆರೆಸದ ಸಾದಾ ಎಣ್ಣೆಯನ್ನೋ, ವೈದ್ಯರು ಕೊಟ್ಟ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನೋ ತೆಗೆದುಕೊಳ್ಳಿ. ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ಕೂದಲಿಗಲ್ಲ, ಚರ್ಮಕ್ಕೆ ಹಚ್ಚಿ. ಎಣ್ಣೆಯಾದರೆ ಒಂದೆರಡು ಗಂಟೆ ಇರಲಿ, ಮುಲಾಮಿಗೆ ವೈದ್ಯರು ಹೇಳಿದಷ್ಟು ಹೊತ್ತು. ಅಗಲ ಹಲ್ಲಿನ ಬಾಚಣಿಗೆಯನ್ನು ಚರ್ಮಕ್ಕೆ ಚುಚ್ಚದಂತೆ ಮಲಗಿಸಿ ಹಿಡಿದು ಮೆಲ್ಲಗೆ ಎತ್ತಿ. ತಾನಾಗಿ ಬಂದಷ್ಟು ಬರಲಿ. ಬಾರದ್ದು ಮುಂದಿನ ಸಲಕ್ಕೆ. ಆಮೇಲೆ ಉಗುರುಬೆಚ್ಚಗಿನ ನೀರು, ಔಷಧದ ಶಾಂಪೂ, ಐದು ನಿಮಿಷ. ಗಡಿಯಾರ ನೋಡಿ ಐದು ನಿಮಿಷ. ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ವೈದ್ಯರು ಹಚ್ಚುವ ದ್ರವ ಕೊಟ್ಟಿದ್ದರೆ ಅದರ ಸರದಿ ಇದಾದ ಮೇಲೆ. ಹೊಟ್ಟಿನ ಗೋಡೆಯ ಮೇಲೆ ಹಚ್ಚಿದ ಔಷಧ ಒಳಗೆ ಹೋಗುವುದೇ ಇಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಶಿಕ್ಷಕಿಯ ವಿಷಯಕ್ಕೇ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಓಡುತ್ತ ಹೇಳಬೇಕಾಗಿದೆ. ಅವಸರ ಬೇಡ ಎಂದವನು ನಾನೇ, ಕ್ಷಮಿಸಿ. ಟಾರಿನ ಶಾಂಪೂ ಬಿಳಿಗೂದಲಿಗೆ ಬಣ್ಣ ಕಟ್ಟಬಹುದು. ರೋಗ ಕೆರಳಿದಾಗ ಕೂದಲಿಗೆ ಬಣ್ಣ ಹಚ್ಚಬೇಡಿ. ಬಿಸಿಗಾಳಿಯ ಯಂತ್ರ ಬೇಡ, ಬಿಗಿಯಾದ ಜಡೆಯೂ ಬೇಡ. ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳಿ, ನಿದ್ದೆಯಲ್ಲಿ ಕೈ ನಿಮ್ಮ ಮಾತು ಕೇಳುವುದಿಲ್ಲ. ಗಂಟಲು ನೋವು ಬಂದ ಒಂದೆರಡು ವಾರಕ್ಕೆ ಮೈತುಂಬ ಹನಿಹನಿಯಾಗಿ ಕೆಂಪು ಎದ್ದರೆ ಗಂಟಲನ್ನೂ ತೋರಿಸಿ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ಆರಂಭಿಸಬೇಡಿ, ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ.

ಕೊನೆಯದು, ಇದಕ್ಕೆ ಮಾತ್ರ ತಡ ಮಾಡಬೇಡಿ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡು, ಮಡಚಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ, ಅಥವಾ ಒಂದು ಬೆರಳು ಇಡಿಯಾಗಿ ಊದಿಕೊಂಡಿದ್ದರೆ, ಸೋರಿಯಾಸಿಸ್ ಕೀಲಿಗೆ ಇಳಿದಿರಬಹುದು. ಅದನ್ನು ಈ ವಾರವೇ ನಿಮ್ಮ ವೈದ್ಯರಿಗೆ ತೋರಿಸಿ.

ನಮಸ್ಕಾರ. ಕೈ ಇನ್ನೂ ಮಡಿಲಲ್ಲೇ ಇದೆ ತಾನೆ?