ಸಬ್‌ವೂಫರ್ ಸೋಫಾದ ಮ್ಯಾಲೆ, ನಾ ನೆಲದ ಮ್ಯಾಲೆ

ನಮಸ್ಕಾರ್ರೀ ಎಲ್ಲಾರ್ಗೂ, ವಿಜಯಪುರದಿಂದ. ಟಿವಿ ಬಾಜೂಕ ಕರೀ ಡಬ್ಬಿ ಕಾಣಾಕತ್ತೈತಲ್ಲ, ಅದಾ ನಮ್ಮ ಸಬ್‌ವೂಫರ್, ಬರೇ ಬೇಸ್ ಅಂದ್ರ ದಪ್ಪ ಸದ್ದು ಹೊಡಿಯೂ ಸ್ಪೀಕರ್. ತಂದು ಒಂದ್ ತಿಂಗ್ಳಾತು, ತಿಂಗ್ಳಿಡೀ ನಮ್ಮವ್ವ ಅದಕ್ಕ ಬೈಕೋತನಾ ಇದ್ಲು, ಯಾಕಂದ್ರ ಹಾಡ ಹಚ್ಚಿದ್ ಕೂಡ್ಲೇ ಅಡಗಿಮನ್ಯಾಗ ಸ್ಟ್ಯಾಂಡಿನ್ಯಾಗಿನ ತಾಟೆಲ್ಲಾ ಟಿಣ್ ಟಿಣ್. ಇತ್ಲಾಗ ಸೋಫಾದಾಗ ಕುಂತ್ರ ಡೊಳ್ಳೂ ಗುಂಯ್, ತಬಲಾನೂ ಗುಂಯ್, ಎಲ್ಲಾ ಒಂದಾ.

ನಾನೂ ಶಾಣ್ಯಾನಂಗ ಬರೇ ಗೇನ್, ಅಂದ್ರ ಡಬ್ಬಿ ಆವಾಜ್ ಏರಿಸಿ ಇಳಿಸೂ ತಿರುಗಣಿ, ತಿರುವಿಕೋತ ಕುಂತಿದ್ದೆ. ಇಳಿಸಿದ್ರ ಬೇಸ್ ಇಲ್ಲ, ಏರಿಸಿದ್ರ ಅವ್ವ ಬರ್ತಾಳ.

ತಪ್ಪು ಮೂಲ್ಯಾಗಿತ್ರಿ, ಡಬ್ಬಿ ಮೊದ್ಲ ಅಲ್ಲೇ ಇಟ್ಟಿದ್ದೆ. ಗೋಳಗುಮ್ಮಟದಾಗ ಒಂದ್ ಚಪ್ಪಾಳಿ ಹೊಡದ್ರ ಎಷ್ಟ್ ಸಲ ತಿರುಗಿ ಬರ್ತೈತಿ ಅಂತ ನಮ್ಮೂರ ಹುಡುಗರಿಗೆ ಹೇಳೂದ ಬ್ಯಾಡ, ಆದ್ರ ಮನಿ ಗ್ವಾಡಿನೂ ಶಬ್ದಾ ಹೊಳ್ಳಿಸಿ ಕಳಸ್ತೈತಿ ಅನ್ನೂದ ನನಗಾ ನೆನಪಿರಲಿಲ್ಲ. ನಮ್ಮ ಖೋಲಿ 12 ಅಡಿ ಉದ್ದ, ಶಬ್ದ ಸೆಕೆಂಡಿಗೆ ಸುಮಾರ 343 ಮೀಟರ್ ಓಡ್ತೈತಿ, ಹೋಗಿ ಬರೂ ದಾರಿ 24 ಅಡಿ ಅಂತ ಲೆಕ್ಕಾ ಹಾಕಿದ್ರ 47 ಹರ್ಟ್ಜ್, ಅಂದ್ರ ಸೆಕೆಂಡಿಗೆ 47 ಸಲ ಅಲುಗೂ ಸದ್ದಿನ ಹತ್ರ, ಖೋಲಿನಾ ಗುಂಯ್‌ಗುಡ್ತೈತಿ, ಅದ್ರಾಗ ಡಬ್ಬಿ ಮೂಲ್ಯಾಗಿಟ್ರ ಮುಗೀತ್ ಕಥಿ.

ಅದಕ್ಕ ಏನ್ ಮಾಡ್ದೆ, ಡಬ್ಬಿ ಜಾಗಾಕ್ಕ ಕಿವಿ, ಕಿವಿ ಜಾಗಾಕ್ಕ ಡಬ್ಬಿ ಇಟ್ರೂ ಬೇಸ್ ಹಂಗಾ ಕೇಳ್ತೈತಿ ಅಂತ ಸಬ್‌ವೂಫರ್ ಎತ್ತಿ ನಾ ಕುಂಡ್ರೂ ಜಾಗಾದಾಗ ಸೋಫಾದ ಮ್ಯಾಲೇ ಇಟ್ಟೆ, ಒಂದಾ ಬೇಸ್ ತುಣುಕು ತಿರುಗಾ ಮುರುಗಾ ಹಚ್ಚಿ, ನಾ ಕೂಸಿನಂಗ ಗ್ವಾಡಿಗುಂಟ ಅಂಬೆಗಾಲಿಟ್ಟೆ. ಅವ್ವ ಬಂದು ನೋಡಿ, "ಏನ್ ಕಳಕೊಂಡಿಪಾ?" ಅಂದ್ಲು. ಬೇಸ್ ಕಳಕೊಂಡೀನವ್ವಾ! ಮೂಲ್ಯಾಗ ಕಿವಿ ಇಟ್ರ ಬರೇ ಗುಂಯ್, ಬಾಗಲ ಹತ್ರ ಏನೂ ಇಲ್ಲ, ಟಿವಿ ಬಾಜೂಕ ಬಂದ ಕೂಡ್ಲೇ ಒಂದೊಂದ್ ಪೆಟ್ಟೂ ಬ್ಯಾರೆ ಬ್ಯಾರೆ ಕೇಳ್ತು. ಡಬ್ಬಿ ಅಲ್ಲೇ ಇಟ್ಟೆ.

ಇನ್ನ ಸೆಟಿಂಗು. ಸ್ಪೀಕರ್‌ಗೆಲ್ಲಾ ಆವಾಜ್ ಹಂಚೂ ರಿಸೀವರಿನ್ಯಾಗ ಕ್ರಾಸ್‌ಓವರ್ 80 ಹರ್ಟ್ಜ್, ಅಂದ್ರ ಅದಕ್ಕಿಂತಾ ಕೆಳಗಿನ ಸದ್ದು ಸಬ್‌ವೂಫರಿಗೆ, ಸಬ್‌ವೂಫರ್ ಹಿಂದಿನ ತಿರುಗಣಿನೂ 80ಕ್ಕ ಇಟ್ಟಿದ್ದೆ, ಅಂದ್ರ ಒಂದಾ ಹಿಟ್ಟಿಗೆ ಎರಡ್ ಜರಡಿ. 80ರ ಆಜೂಬಾಜೂ ಆವಾಜಾ ಹಾರಿಹೋಗಿತ್ತು. ಈಗ ಹಿಂದಿಂದು ಪೂರಾ ಮ್ಯಾಲೆ, ಸೋಸೂದೆಲ್ಲಾ ರಿಸೀವರ್ ಕೆಲಸ. ಆಮ್ಯಾಲೆ ಫೇಸ್, ಅಂದ್ರ ಸಬ್‌ವೂಫರ್ ಉಳದ ಸ್ಪೀಕರ್ ಜೋಡಿ ತಾಳಾ ಕೂಡ್ಸೂ ಸ್ವಿಚ್ಚು. ತಮ್ಮನ್ನ ಹಿಂದ ಕುಂಡ್ರಿಸಿ 0, 180, 0, 180 ಮಾಡ್ಸಿದೆ, ನಾ ಸೋಫಾದಾಗ ಕುಂತು ಕೇಳಿದೆ, 180ರಾಗ ಬೇಸ್ ತುಂಬಿ ಬಂತು, ಅಲ್ಲೇ ಬಿಟ್ಟೆ. ಗೇನ್ ಕಟ್ಟಕಡೀಕ ಮುಟ್ಟೀನಿ, ಅರ್ಧಕ್ಕಿಂತಾ ಕಡಿಮಿನಾ ಸಾಕಾತು.

ತಾಟು ಸುಮ್ಮನಾಗ್ಯಾವ. ಒಂದ್ ದೊಡ್ಡ ಪರಾತ ಮಾತ್ರ ಇನ್ನೂ ಟಿಣ್ ಅಂತಿತ್ತು, ಅದರ ಬುಡಕ ಅವ್ವ ಹಳೀ ಅರಿವಿ ತುರುಕ್ಯಾಳ.