ಎನ್ಸೆಟೆ ಎನ್ಸೆಟೆ ಯಾಕಾಗಲಿಲ್ಲ?

ಮೊದಲು ಈ ಬೀಜವನ್ನು ಕೈಯಿಂದ ಕೈಗೆ ದಾಟಿಸಿ. ಕಪ್ಪಗಿದೆ, ಕಡಲೆಗಿಂತ ದಪ್ಪ. ಉಗುರು ಊರಿದರೂ ಗೀರು ಬೀಳುವುದಿಲ್ಲ. ಇದು ನಮ್ಮ ಪಶ್ಚಿಮ ಘಟ್ಟದ ಕಲ್ಲುಬಾಳೆಯದು. ಇದರ ದಾಯಾದಿಗಳು ಆಫ್ರಿಕದಲ್ಲಿದ್ದಾರೆ. ಇವತ್ತಿನ ಮಾತು ಅವರ ಹೆಸರಿನ ಬಗ್ಗೆ.

ಈ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಎನ್ಸೆಟೆ ಅನ್ನುತ್ತಾರೆ. ಇಥಿಯೋಪಿಯಾದ ಜನ ಕರೆಯುವ ಹೆಸರೇ ಅದು. ನೈಲ್ ನದಿಯ ಮೂಲ ಹುಡುಕುತ್ತಾ 1769ರಲ್ಲಿ ಅಲ್ಲಿಗೆ ಹೋದ ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್, 1790ರಲ್ಲಿ ತನ್ನ ಪ್ರವಾಸದ ಪುಸ್ತಕ ತಂದ. ಅಲ್ಲಿನ ಎನ್ಸೆಟೆ ಗಿಡ ಬಾಳೆ ಅಲ್ಲ ಎಂದು ಆಗಲೇ ಹೇಳಿದ್ದ. ಮರುವರ್ಷ ಜರ್ಮನಿಯ ವಿಜ್ಞಾನಿ ಗ್ಮೆಲಿನ್ ಅದೇ ವರ್ಣನೆ ಇಟ್ಟುಕೊಂಡು ಗಿಡಕ್ಕೆ 'ಮ್ಯೂಸಾ ಎನ್ಸೆಟೆ' ಅಂತ ಹೆಸರಿಟ್ಟ. ಮ್ಯೂಸಾ ಅಂದ್ರೆ ಬಾಳೆಯ ಕುಲ! ಬ್ರೂಸನ ಮಾತು ಗಾಳಿಗೆ ಹೋಯಿತು.

1862ರಲ್ಲಿ ಸಸ್ಯಶಾಸ್ತ್ರಜ್ಞ ಹೊರಾನಿನೋವ್ ಎನ್ಸೆಟೆಯನ್ನು ಬೇರೆ ಕುಲ ಮಾಡಿದರೂ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1947ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಚೀಸ್‌ಮನ್ ಬಂದು ಮತ್ತೆ ಅದನ್ನು ನಿಲ್ಲಿಸಿದರು. ವ್ಯತ್ಯಾಸ ಹಿತ್ತಲಲ್ಲೇ ಗೊತ್ತಾಗುವಂಥದ್ದು. ಬಾಳೆಗೊನೆ ಕಡಿಯುವ ಹೊತ್ತಿಗೆ ಬುಡದಲ್ಲಿ ಕಂದು ಎದ್ದಿರುತ್ತದೆ, ಅಲ್ವಾ? ಎನ್ಸೆಟೆಗೆ ಸಾಮಾನ್ಯವಾಗಿ ತಾನಾಗಿ ಕಂದು ಬರುವುದಿಲ್ಲ. ಒಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ಕ್ರೋಮೊಸೋಮು 9 ಜೊತೆ. ನಾವು ತಿನ್ನುವ ಬಾಳೆಯ ಕಾಡು ಮೂಲಗಳಲ್ಲಿ 11 ಜೊತೆ.

ಇನ್ನು ತಮಾಷೆ ಕೇಳಿ. ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಜಾತಿಯದು. ಗಿಡ ಕುಲ ಬದಲಿಸಿದರೂ ಹಳೆಯ ಜಾತಿನಾಮ ಜೊತೆಗೇ ಹೋಗಬೇಕು. ಹಾಗಾದರೆ ಇದು 'ಎನ್ಸೆಟೆ ಎನ್ಸೆಟೆ' ಆಗಬೇಕಿತ್ತು. ಪ್ರಾಣಿಗಳಲ್ಲಿ ಇದು ನಡೆಯುತ್ತದೆ, 'ಗೊರಿಲ್ಲಾ ಗೊರಿಲ್ಲಾ' ಇದೆಯಲ್ಲ. ಸಸ್ಯಗಳಿಗೆ ಹೆಸರಿಡುವ ನಿಯಮ ಮಾತ್ರ ಒಂದೇ ಪದ ಎರಡು ಸಲ ಬರುವುದನ್ನು ಒಪ್ಪುವುದಿಲ್ಲ. ಸರಿ, ಮುಂದಿನ ಹಳೆಯ ಹೆಸರು ಯಾವುದು? ಅಂಗೋಲಾದ ಗಿಡಕ್ಕೆ 1859ರಲ್ಲಿ ಸಸ್ಯಶಾಸ್ತ್ರಜ್ಞ ವೆಲ್‌ವಿಚ್ ಕೊಟ್ಟ 'ವೆಂಟ್ರಿಕೋಸಾ'. ಅಂದರೆ ಹೊಟ್ಟೆ ಉಬ್ಬಿದ್ದು. ಬುಡ ನೋಡಿದರೆ ನಿಜವೇ, ಕೊಡದ ಹಾಗಿರುತ್ತದೆ. ಹೀಗೆ ಅದು 'ಎನ್ಸೆಟೆ ವೆಂಟ್ರಿಕೋಸಮ್' ಆಯಿತು. ಇಥಿಯೋಪಿಯಾದಲ್ಲಿ ಸುಮಾರು 2 ಕೋಟಿ ಜನರ ಹೊಟ್ಟೆ ತುಂಬಿಸುವ ಗಿಡಕ್ಕೆ ಅಂಗೋಲಾದಿಂದ ಬಂದ ಹೆಸರು! ನನಗೇನೋ ಗ್ಮೆಲಿನ್‌ನ ಹೆಸರು ಹೋದದ್ದಕ್ಕೆ ಬೇಜಾರಿಲ್ಲ. ಊರಿನ ಮಾತು ಜಾತಿಯಿಂದ ಕುಲಕ್ಕೆ ಬಡ್ತಿ ಪಡೆಯಿತು.

ಅಲ್ಲಿನವರು ಹಣ್ಣು ತಿನ್ನುವುದಿಲ್ಲ, ಒಳಗೆಲ್ಲ ಬೀಜವೇ. ದಿಂಡಿನ ತಿರುಳನ್ನು ಹೆರೆದು, ಗೆಡ್ಡೆ ಜಜ್ಜಿ, ಎಲೆ ಹಾಸಿದ ಗುಂಡಿಯಲ್ಲಿ ಹುದುಗಿಸಿ 'ಕೋಚೊ' ಮಾಡುತ್ತಾರೆ. ಕಂದು ಬೇಕಾದರೆ ಗೆಡ್ಡೆಯ ನಡುವಿನ ಮೊಳಕೆ ಕಿತ್ತು ಮಣ್ಣಲ್ಲಿ ಹೂಳುತ್ತಾರೆ. ಆಗ ಸುತ್ತ ಹತ್ತಾರು ಏಳುತ್ತವೆ. ಕಾಡಿನದಕ್ಕೆ ಬೀಜವೇ ಗತಿ.

ಚೀಸ್‌ಮನ್ ಪಟ್ಟಿಯಲ್ಲಿ ಜಾತಿಗಳು ಜಾಸ್ತಿಯೇ ಇದ್ದವು. ಇಷ್ಟು ದೊಡ್ಡ ಗಿಡವನ್ನು ಕಾಗದದ ಹಾಳೆಗೆ ಒತ್ತಿ ಒಣಗಿಸುವುದು ಹೇಗೆ? ಒಬ್ಬ ಎಲೆಯ ಚೂರು ತಂದ, ಇನ್ನೊಬ್ಬ ಬರೀ ಬೀಜ ತಂದ, ಹೆಸರುಗಳು ಬೆಳೆದವು. 1953ರಲ್ಲಿ ಬೇಕರ್ ಮತ್ತು ಸಿಮ್ಮಂಡ್ಸ್ ಆಫ್ರಿಕದವನ್ನು ಜಾಲಾಡಿ, ಬಹಳಷ್ಟನ್ನು ಒಂದೇ ಹೆಸರಿನಡಿ ಸೇರಿಸಿದರು. ಈಗ ಆಫ್ರಿಕ ಖಂಡದ ನೆಲದಲ್ಲಿ ಮೂರು: ವೆಂಟ್ರಿಕೋಸಮ್, ಲಿವಿಂಗ್‌ಸ್ಟೋನಿಯಾನಮ್, ಮತ್ತೆ ಕಾಂಗೊ, ಜಾಂಬಿಯಾ ಕಡೆಯ ಗಿಡ್ಡ ಹೋಂಬ್ಲೆಯಿ. ಮಡಗಾಸ್ಕರಿನಲ್ಲಿ ಪೆರಿಯೆರಿ, ಅದೂ ಅಳಿಯುವ ಹಂತದಲ್ಲಿದೆ.

ಬೀಜ ಎಲ್ಲಿಗೆ ಬಂತು? ಕೊನೆಯ ಸಾಲಿಗೂ ಕೊಡಿ.